ಇಪ್ಪತ್ತೈದು ಡಿಗ್ರಿಯ ಅನುಮಾನ

ಏಪ್ರಿಲ್ 3, ಸೋಮವಾರ

ಇವತ್ತಿನಿಂದ ಎಲ್ಲವನ್ನೂ ಬರೆದಿಡಬೇಕೆಂದು ತೀರ್ಮಾನಿಸಿದ್ದೇನೆ. ಯಾರಾದರೂ ಓದಲಿ ಎಂದಲ್ಲ. ನಾಳೆ ವಿಚಾರಣೆ ಗಿಚಾರಣೆ ಎಂದೇನಾದರೂ ನಡೆದರೆ ಯಾರು ಯಾವ ದಿನ ಎಷ್ಟು ಗಂಟೆಗೆ ಏನು ಮಾಡಿದರು ಎಂಬುದು ನನ್ನ ಹತ್ತಿರವಾದರೂ ಇರಬೇಕು.

ಸುತ್ತೋಲೆ ಬಂದಿದೆ. ಸುತ್ತೋಲೆ ಎಂದರೆ ಊರೆಲ್ಲ ಸುತ್ತಿ ಬಂದು ಕಡೆಗೆ ನಮ್ಮನ್ನೇ ಕಚ್ಚುವ ಓಲೆ. ನಮ್ಮ ವಿಭಾಗದ ಮೂರು ವಿದ್ಯುತ್ ಉಪಕೇಂದ್ರಗಳಲ್ಲಿ ಒಂದನ್ನು ಜೂನ್‌ನಿಂದ ಆಳಿಲ್ಲದ ಕೇಂದ್ರ ಮಾಡುತ್ತಾರಂತೆ. ಬಾಗಿಲಿಗೆ ಬೀಗ, ಎಲ್ಲೋ ಕೂತು ಕಂಪ್ಯೂಟರಿನಿಂದ ಸ್ವಿಚ್ ಹಾಕುವುದು, ಆಪರೇಟರುಗಳನ್ನು ದಿಕ್ಕಿಗೊಬ್ಬರಂತೆ ವರ್ಗ ಮಾಡುವುದು. ಯಾವ ಕೇಂದ್ರ ಎಂದರೆ, ತನ್ನ ಕಟ್ಟಡಕ್ಕೇ ಹೆಚ್ಚು ಕರೆಂಟು ತಿನ್ನುವುದು ಮತ್ತು ಹೆಚ್ಚು ಅಲಾರಂ ಬಾರಿಸುವುದು. ಏಪ್ರಿಲ್ ಕೊನೆಗೆ ತೀರ್ಪು.

ತಿನ್ನುವುದರಲ್ಲಿ ನಾವೇ ಮೊದಲಿಗರು. ದಿನಕ್ಕೆ ನಾನೂರ ಹತ್ತು ಯೂನಿಟ್. ಅಲಾರಂ ಮಾತ್ರ ತಿಂಗಳಿಗೆ ಒಂದೋ ಎರಡೋ. ಉಳಿದಿರುವ ಮರ್ಯಾದೆ ಅಷ್ಟೇ.

ನಮ್ಮ ಹೊಟ್ಟೆ ಅಳೆಯಲು ಕೇಂದ್ರ ಕಚೇರಿಯಿಂದ ಒಬ್ಬ ಹುಡುಗಿ ಬಂದಿಳಿದಿದ್ದಾಳೆ. ಎಂಜಿನಿಯರ್ ಅಂತೆ. ಕನ್ನಡಕ, ತನ್ನಷ್ಟೇ ಭಾರದ ಒಂದು ಚೀಲ, ಮತ್ತು ನಗು. ನಗು ಯಾಕೆ ಎಂಬುದು ಗೊತ್ತಾಗಲಿಲ್ಲ. ನಾನು ಮನಸ್ಸಿನಲ್ಲೇ ಅಳತೆಯಮ್ಮ ಎಂದು ಹೆಸರಿಟ್ಟಿದ್ದೇನೆ. ಅವಳು ಅಳೆಯುತ್ತಾಳೆ, ನಾವು ಅಳುತ್ತೇವೆ.

"ಒಂದು ತಿಂಗಳು ಇರ್ತೀನಿ ಸರ್. ಬೆಳಿಗ್ಗೆ ಬಂದು ಮಧ್ಯಾಹ್ನ ಒಂದಕ್ಕೆ ಜೀಪಲ್ಲಿ ಹೊರಟುಬಿಡ್ತೀನಿ. ನಿಮಗೇನೂ ತೊಂದರೆ ಇಲ್ಲ."

ತೊಂದರೆ ಇಲ್ಲ ಎಂದು ಕೇಳದೆಯೇ ಹೇಳುವವರನ್ನು ನಾನು ಬಹಳ ನೋಡಿದ್ದೇನೆ.

ಮನೆಗೆ ಬಂದು ನನ್ನವಳಿಗೆ ಹೇಳಿದೆ. ಅವಳು ಪೇಟೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮದುವೆಯಾದ ಮೇಲೆ ನನ್ನ ಬೆನ್ನಿಗೆ ಬಿದ್ದು ಏಳು ವರ್ಗಾವಣೆ, ಏಳು ಊರು. ಮೊದಲ ಆರು ಊರಲ್ಲೂ ಅವಳ ಸರ್ಟಿಫಿಕೇಟು ಟ್ರಂಕಿನ ತಳದಲ್ಲೇ ಉಳಿದಿತ್ತು. ಈ ಊರಿನಲ್ಲಿ, ನಾಲ್ಕು ವರ್ಷದ ಹಿಂದೆ, ಮೊದಲ ಸಲ ಅದು ಹೊರಬಂತು.

"ವರ್ಗ ಆದ್ರೆ ಏನ್ ಮಾಡ್ತೀಯಾ?" ಎಂದೆ.

"ನಿಮ್ಮ ಪೆಟ್ಟಿಗೆ ಕಟ್ಟಿಕೊಡ್ತೀನಿ. ಎಂಟನೇ ಊರಿಗೆ ನಾನು ಬರಲ್ಲ ಕಣ್ರೀ. ಜಗಳ ಅಂತ ತಿಳ್ಕೋಬೇಡಿ. ಬರಲ್ಲ, ಅಷ್ಟೇ."

ಅಷ್ಟೇ ಎಂದವಳು ಎದ್ದು ಹೋಗಿ ಬಟ್ಟೆ ಮಡಚತೊಡಗಿದಳು. ಜಗಳವೇ ಆಗಿದ್ದರೆ ಎಷ್ಟೋ ವಾಸಿಯಿತ್ತು.

ಏಪ್ರಿಲ್ 4, ಮಂಗಳವಾರ

ಅಳತೆಯಮ್ಮ ಇವತ್ತು ಕಂಟ್ರೋಲ್ ರೂಮಿನ ಒಳಗೆ ಹನ್ನೊಂದು ಬಿಳಿ ಡಬ್ಬಿ ಅಂಟಿಸಿದಳು. ಬೆಂಕಿಪೊಟ್ಟಣದಷ್ಟು ಗಾತ್ರ, ಮೈಮೇಲೊಂದು ಹಸಿರು ದೀಪ, ಆಗಾಗ ಕಣ್ಣು ಹೊಡೆಯುತ್ತದೆ. ಗೋಡೆಗೆ ಕೆಲವು, ಪ್ಯಾನೆಲ್‌ಗಳ ಹೊಟ್ಟೆಯೊಳಗೆ ಕೆಲವು. ಪ್ಯಾನೆಲ್ ಎಂದರೆ ನಮ್ಮ ಸ್ವಿಚ್ಚುಗಳನ್ನೂ, ದೋಷ ಕಂಡರೆ ಸ್ವಿಚ್ ಬೀಳಿಸುವ ರಿಲೇಗಳನ್ನೂ ಹೊತ್ತ ಬೀರುಗಳು. ಹನ್ನೆರಡು ಇವೆ, ಹಿಂದುಗಡೆಯಿಂದ ಬಾಗಿಲು.

"ಇದೇನಮ್ಮ?"

"ಉಷ್ಣಾಂಶ, ತೇವಾಂಶ ಬರ್ಕೊಳ್ಳುತ್ತೆ ಸರ್. ಐದು ನಿಮಿಷಕ್ಕೊಂದು ಸಲ."

"ಬೇರೇನೂ ಬರ್ಕೊಳಲ್ಲ ತಾನೇ?"

"ಬೇರೇನಿದೆ ಸರ್ ಇಲ್ಲಿ ಬರ್ಕೊಳ್ಳೋಕೆ?"

ನೋಡಿ, ಪ್ರಶ್ನೆಗೆ ಪ್ರಶ್ನೆ! ಅವಳು ಹೋದ ಮೇಲೆ ಒಂದು ಡಬ್ಬಿಯ ಹತ್ತಿರ ನಿಂತು, "ನಮ್ಮ ದೊಡ್ಡ ಸಾಹೇಬರಂಥ ಅಧಿಕಾರಿ ಇಡೀ ಇಲಾಖೆಯಲ್ಲೇ ಇಲ್ಲ" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಖರ್ಚೇನು.

ಎರಡು ಗಂಟೆಗೆ ಬೆವರಪ್ಪ ಬಂದ. ನನ್ನ ನಂತರದ ಪಾಳಿಯ ಆಪರೇಟರ್. ಐದು ಮೈಲಿ ಸೈಕಲ್ ತುಳಿದು, ಕೆರೆಯಿಂದ ಎದ್ದವನ ಹಾಗೆ ಬರುತ್ತಾನೆ. ಈ ಊರಿನ ಗಾಳಿಯೇ ಅಂಥದ್ದು. ಹಗ್ಗಕ್ಕೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದು. ಅದಕ್ಕೇ ನಮ್ಮದೊಂದು ಪದ್ಧತಿ. ಏಳನೇ ಪ್ಯಾನೆಲ್‌ನ ಒಳಗೆ, ತೇವ ಹಿಡಿಯದಿರಲೆಂದು ಕಂಪನಿಯವರೇ ಇಟ್ಟ ಮೊಣಕೈಯುದ್ದದ ಹೀಟರ್ ಇದೆ, ಅದರ ಮೇಲೆ ಎರಡು ಕೊಕ್ಕೆ. ಹೊರಗಿನ ಟ್ರಾನ್ಸ್‌ಫಾರ್ಮರ್ ಯಾರ್ಡಿನ ಕೊನೆಯ ಸುತ್ತು ಮುಗಿಸಿ ತೊಯ್ದ ನನ್ನ ಅಂಗಿ ಒಂದಕ್ಕೆ, ಅವನದು ಇನ್ನೊಂದಕ್ಕೆ. ಇಬ್ಬರಿಗೂ ಬದಲಿ ಅಂಗಿ ಬೀರುವಿನಲ್ಲಿ. ಬೆಳಿಗ್ಗೆ ಆರಕ್ಕೆ ನಾನು ಬರುವಷ್ಟರಲ್ಲಿ ಇಸ್ತ್ರಿ ಮಾಡಿದಂಥ ಎರಡು ಅಂಗಿ ಸಿದ್ಧ. ನನ್ನ ಮೂರನೇ ಊರಿನಿಂದ ನಾನು ತಂದ ವಿದ್ಯೆ ಇದು.

ಏಳನೆಯದರ ಒಳಗೂ ಒಂದು ಡಬ್ಬಿ ಕಣ್ಣು ಹೊಡೆಯುತ್ತಿತ್ತು.

"ಯಜಮಾನ್ರೇ, ಇದು ಮೈಕು" ಎಂದ ಬೆವರಪ್ಪ, ಪಿಸುದನಿಯಲ್ಲಿ.

"ಹಾಗಂತೀಯಾ?"

"ನೂರಕ್ಕೆ ನೂರು. ನಾವು ಇಲ್ಲಿ ನಿಂತು ಮಾತಾಡ್ತೀವಿ ಅಂತ ಗೊತ್ತಿದೆ ಆಯಮ್ಮನಿಗೆ."

ಡಬ್ಬಿಯ ಮೇಲೆ ಬರುವ ಹಾಗೆ ಅಂಗಿಯ ತೋಳನ್ನು ಎಳೆದು ಮುಚ್ಚಿ, ಬಾಗಿಲು ಹಾಕಿದೆವು. ಈಗ ಕೇಳಿಸಿಕೊಳ್ಳಲಿ.

ಏಪ್ರಿಲ್ 7, ಶುಕ್ರವಾರ

ಇವತ್ತು ಬಾಲ ಬಿಚ್ಚಿದಳು. ನಮ್ಮ ಮೂರು ಏಸಿಗಳೂ ಹಗಲಿರುಳು ಹದಿನೆಂಟು ಡಿಗ್ರಿಯಲ್ಲಿ ಓಡುತ್ತವೆ. ನಾನು ಬರುವ ಮೊದಲಿನಿಂದಲೂ. ಅದನ್ನು ಇಪ್ಪತ್ತೈದು ಮಾಡಿದಳು. ಪ್ಯಾನೆಲ್ ಹೀಟರ್‌ಗಳಿಗೆ ಸದಾ ಉರಿಯುವ ಬದಲು ತೇವ ಕಂಡಾಗಷ್ಟೇ ಹತ್ತಿಕೊಳ್ಳುವ ಒಂದು ಗುಂಡಿ ಜೋಡಿಸಿದಳು.

"ಮಷೀನುಗಳು ಸುಟ್ಟುಹೋಗ್ತವೆ ಕಣಮ್ಮ."

"ಈ ರಿಲೇಗಳು ನಲವತ್ತರ ತನಕ ತಡ್ಕೊಳ್ತವೆ ಸರ್. ಹದಿನೆಂಟು ಯಾರಿಗೆ ಬೇಕಿತ್ತು?"

ಯಾರಿಗೆ ಬೇಕಿತ್ತು ಎಂದು ನಾನು ಹೇಳಲಿಲ್ಲ. ಕುರ್ಚಿಯಲ್ಲಿ ಕೂತಿದ್ದದ್ದು ನಾನೊಬ್ಬನೇ.

"ಈ ಕಟ್ಟಡ ಒಳಗೆ ಹನ್ನೆರಡು ಒಲೆ ಹಚ್ಕೊಂಡು, ಅದನ್ನ ಆರಿಸೋಕೆ ಮೂರು ಏಸಿ ಇಟ್ಕೊಂಡಿದೆ. ಎರಡೂ ಸೇರಿ ಒಂದನ್ನೊಂದು ಗೆಲ್ಲೋಕೆ ನೋಡ್ತಾ ಇವೆ. ಮಧ್ಯದಲ್ಲಿ ಮೀಟರು ಓಡ್ತಾ ಇದೆ."

ಮಾತು ಚೆನ್ನಾಗಿದೆ. ಮಾತು ಚೆನ್ನಾಗಿರುವವರ ಕೈಲಿ ಸಾಮಾನ್ಯವಾಗಿ ಒಂದು ಆದೇಶ ಇರುತ್ತದೆ.

ಏಪ್ರಿಲ್ 10, ಸೋಮವಾರ

ಸಿಕ್ಕಿಬಿದ್ದಳು! ಶನಿವಾರ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಸೋರಿಕೆ ಗಂಟೆ ಬಾರಿಸಿತು. ಇವತ್ತು ಮತ್ತೆ, ಎರಡೂ ನಲವತ್ತಕ್ಕೆ. ಬ್ಯಾಟರಿಯಿಂದ ಪ್ಯಾನೆಲ್‌ಗಳಿಗೆ ಹೋಗುವ ಕರೆಂಟು ಎಲ್ಲೋ ತೇವ ಕೂತ ಜಾಗದಲ್ಲಿ ನೆಲಕ್ಕೆ ಸೋರಿದರೆ ಈ ಗಂಟೆ ಬಡಿದುಕೊಳ್ಳುತ್ತದೆ. ಒಂದು ಕಡೆ ಸೋರಿದರೆ ಬರೀ ಗಲಾಟೆ. ಎರಡು ಕಡೆ ಒಟ್ಟಿಗೆ ಸೋರಿದರೆ ಸ್ವಿಚ್ಚು ತಾನಾಗಿ ಬೀಳುತ್ತದೆ, ಅರ್ಧ ಊರಿಗೆ ಕರೆಂಟು ಹೋಗುತ್ತದೆ. ಯಾವ ಪ್ಯಾನೆಲ್ ಎಂದು ಗಂಟೆ ಹೇಳುವುದಿಲ್ಲ. ಅದಕ್ಕೆ ಬಾರಿಸುವುದಷ್ಟೇ ಗೊತ್ತು, ಬರೆಯುವುದು ನಮ್ಮ ಕೆಲಸ.

ಇಷ್ಟು ವರ್ಷ ಇಲ್ಲದ್ದು, ಇಪ್ಪತ್ತೈದು ಮಾಡಿದ ಮರುದಿನವೇ ಬಂತು. ಬೆವರಪ್ಪ ಹೇಳುತ್ತಾನೆ, ಬೇಕಂತಲೇ ಮಾಡಿಸುತ್ತಿದ್ದಾಳೆ. ಅಲಾರಂ ಜಾಸ್ತಿಯಾದರೆ ನಮ್ಮದೇ ಬೀಗ ಹಾಕುವ ಕೇಂದ್ರ. ಜೀಪ್ ಹತ್ತಿ ಒಂದಕ್ಕೆ ಹೋಗುವುದು, ಎರಡೂ ಮುಕ್ಕಾಲಿಗೆ ಗಂಟೆ ಬಾರಿಸುವುದು. ಜಾಣತನ.

ಇನ್ನು ಪ್ರತಿ ಅಲಾರಂನ ದಿನ, ಗಂಟೆ ಎಲ್ಲ ಈ ಡೈರಿಯ ಕೊನೆಯ ಪುಟದಲ್ಲಿ.

ಏಪ್ರಿಲ್ 12, ಬುಧವಾರ

ಅಲಾರಂ ಇಲ್ಲ. ಬೆವರಪ್ಪನಿಗೆ ವಾರದ ರಜೆ. ಬೇರೆ ಕೇಂದ್ರದ ಬದಲಿ ಆಪರೇಟರ್ ಬಂದಿದ್ದ. ಅವನ ಎದುರು ನಾನು ಹೆಚ್ಚು ಮಾತಾಡುವುದಿಲ್ಲ, ಅಂಗಿಯನ್ನೂ ಬಿಚ್ಚುವುದಿಲ್ಲ. ಯಾರ ಕಡೆಯವನೋ.

ಅಲಾರಂ ಯಾಕೆ ಬರಲಿಲ್ಲ? ಏನೋ ಇದೆ.

ಏಪ್ರಿಲ್ 14, ಶುಕ್ರವಾರ

ಗುರುವಾರ ಎರಡೂ ಮೂವತ್ತೈದು. ಇವತ್ತು ಎರಡೂ ಐವತ್ತು.

ಅವಳು ಮಾಡುವುದರಲ್ಲಿ ತಪ್ಪು ಹಿಡಿಯಲೇಬೇಕೆಂದು ಬೆಳಿಗ್ಗೆಯಿಂದ ಬೆನ್ನಿಗೇ ಇದ್ದೆ. ಬ್ಯಾಟರಿ ಕೋಣೆಯ ಬಾಗಿಲ ಕೆಳಗೆ ಒಂದು ನೂಲು ಹಿಡಿದು ಕೂತಳು. ನೂಲು ಕೋಣೆಯೊಳಕ್ಕೆ ನೆಟ್ಟಗೆ ಹಾರಿತು.

"ನೋಡಿ ಸರ್. ಬ್ಯಾಟರಿ ಅನಿಲ ಹೊರಹಾಕೋಕೆ ಅಲ್ಲಿ ಫ್ಯಾನು ಸದಾ ಓಡಬೇಕು, ಸರಿ. ಆದ್ರೆ ಅದಕ್ಕೆ ಹೊರಗಿನ ಗಾಳಿ ಬರೋ ಜಾಲರಿಯನ್ನ ಯಾರೋ ರಟ್ಟಿಂದ ಮುಚ್ಚಿದಾರೆ. ಅದಕ್ಕೇ ನಿಮ್ಮ ತಣ್ಣನೆ ಗಾಳಿನೆಲ್ಲ ಎಳ್ಕೊಂಡು ಆಚೆ ಹಾಕ್ತಿದೆ. ಆ ಜಾಗ ತುಂಬೋಕೆ ಕೇಬಲ್ ತೂತುಗಳಿಂದ ಬಿಸಿ ಗಾಳಿ ಒಳಗೆ ಬರ್ತಿದೆ."

ರಟ್ಟು ಇಟ್ಟಿದ್ದು ನಾನು. ಇಲಿ ಬರುತ್ತಿತ್ತು.

ಅವಳು ಹೋದ ಮೇಲೆ ಅವಳ ಮಾತು ಸುಳ್ಳೆಂದು ತೋರಿಸಲು ನಾನೂ ಒಂದು ನೂಲು ತಂದೆ. ಕಿಟಕಿ, ಬಾಗಿಲು, ನೆಲದ ಕಾಲುವೆಯ ಹಲಗೆ, ಕೇಬಲ್ ಏರುವ ತೂತು, ಎಲ್ಲ ಕಡೆ ಹಿಡಿದೆ. ಅವಳು ಒಂಬತ್ತು ಸೋರುವ ಜಾಗ ಬರೆದಿದ್ದಳು; ನನಗೆ ಹದಿಮೂರು ಸಿಕ್ಕವು. ನಾಳೆ ಮುಖದ ಮೇಲೆ ಹೇಳುತ್ತೇನೆ: ಇದೇನಾ ನಿಮ್ಮ ಲೆಕ್ಕ?

ಏಪ್ರಿಲ್ 18, ಮಂಗಳವಾರ

ಹೇಳಿದೆ. ನಾಚಿಕೊಳ್ಳುವ ಬದಲು ಕುಣಿದಾಡಿಬಿಟ್ಟಳು. "ಹದಿಮೂರಾ? ತೋರಿಸಿ ಸರ್!" ಎಂದು ನನ್ನನ್ನು ಕಟ್ಟಡದ ಸುತ್ತ ಓಡಾಡಿಸಿದಳು. ತೂತುಗಳಿಗೆಲ್ಲ ಬೆಂಕಿ ತಗಲದ ಮೆತ್ತು ತುಂಬಿದೆವು. ಮೆತ್ತು ಕಲಸಿದ್ದು ನಾನು, ಅವಳ ಕೈಗೆ ಹದ ಗೊತ್ತಿಲ್ಲ. ಜಾಲರಿಯ ರಟ್ಟು ತೆಗೆದು ಇಲಿ ನುಸುಳದ ತಂತಿಬಲೆ ಹೊಡೆದೆ. ತಾರಸಿಗೆ ಬಿಳಿ ಸುಣ್ಣ ಬಳಿಸಿದ್ದಾಳೆ. ಮೇಲೆ ಹತ್ತಿದರೆ ಕಣ್ಣು ಕೋರೈಸುತ್ತದೆ, ಕೆಳಗೆ ಕೂತರೆ ನೆತ್ತಿ ಕಾಯುವುದಿಲ್ಲ.

ನಿನ್ನೆಯ ಲೆಕ್ಕ ಇನ್ನೂರ ಅರವತ್ತೆಂಟು ಯೂನಿಟ್. ನಾನೂರ ಹತ್ತರಿಂದ! ಮೀಟರನ್ನು ನಾನೇ ಎರಡು ಸಲ ಓದಿದೆ. ಅವಳೇನಾದರೂ ಮೀಟರ್ ತಿರುಚಿದ್ದಾಳೋ ಎಂದು ಸೀಲ್ ಮುಟ್ಟಿ ನೋಡಿದೆ. ಸರಿಯಾಗಿದೆ. ಅದೇ ಅನುಮಾನ.

ಅಲಾರಂ ಮಾತ್ರ ತಪ್ಪಿಲ್ಲ. ಸೋಮವಾರ ಎರಡೂ ನಲವತ್ತು, ಇವತ್ತು ಎರಡೂ ನಲವತ್ತೆರಡು. ಅವಳ ಮುಖ ಸಣ್ಣದಾಗಿದೆ.

"ತೇವ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ತಿಲ್ಲ ಸರ್. ಎಲ್ಲಾ ತೂತೂ ಮುಚ್ಚಿದೀವಿ."

ಮುಚ್ಚಿದೀವಿ ಅಂತೆ. ನನ್ನನ್ನೂ ಸೇರಿಸಿಕೊಂಡುಬಿಟ್ಟಳು.

ಏಪ್ರಿಲ್ 20, ಗುರುವಾರ

ಎರಡೂ ಐವತ್ತೈದಕ್ಕೆ ಪೇಟೆಯ ಲೈನು ತಾನಾಗಿ ಬಿತ್ತು. ಎರಡು ಕಡೆ ಒಟ್ಟಿಗೆ ಸೋರಿತ್ತು. ಮಧ್ಯಾಹ್ನ ನಾಲ್ಕು ಹನಿ ಮಳೆ ಬಿದ್ದು ನಿಂತು, ಊರೇ ಹಬೆಯ ಪಾತ್ರೆಯಾಗಿತ್ತು. ಬೆವರಪ್ಪ ನಾಲ್ಕು ನಿಮಿಷದಲ್ಲಿ ಮತ್ತೆ ಹಾಕಿದ. ನಾಲ್ಕೇ ನಿಮಿಷ.

ಸಂಜೆ ನನ್ನವಳು ಬಂದು ಕುರ್ಚಿಯಲ್ಲಿ ಕುಸಿದಳು.

"ಮಷೀನಲ್ಲಿದ್ದ ಸ್ಯಾಂಪಲ್ಲೆಲ್ಲ ಹಾಳಾಯ್ತು ಕಣ್ರೀ. ಹದಿನೆಂಟು ಜನರನ್ನ ವಾಪಸ್ ಕರೆಸಿ ಮತ್ತೆ ಚುಚ್ಚಿದೆ. ಒಬ್ಬ ಅಜ್ಜನಿಗೆ ನರ ಸಿಗ್ಲಿಲ್ಲ. ನಾಲ್ಕು ಸಲ. 'ತಪ್ಪು ನಿಂದಲ್ಲಮ್ಮ' ಅಂತ ಅವರೇ ನನಗೆ ಸಮಾಧಾನ ಹೇಳಿದ್ರು. ನಿಮ್ಮ ಕಡೆ ಯಾರು ನಿದ್ದೆ ಮಾಡ್ತಿದ್ರು?"

"ನಮ್ಮ ಕಡೆ ಯಾರೂ ಇಲ್ಲ. ಎಲ್ಲಾ ಆ ಅಳತೆಯಮ್ಮನ ಇಪ್ಪತ್ತೈದು ಡಿಗ್ರಿ."

"ಪಾಪದ ಹುಡುಗಿ ಅಂದಿದ್ರಿ ಮೊನ್ನೆ?"

ಹಾಗೆ ನಾನು ಎಂದೂ ಅಂದಿಲ್ಲ. ಅಂದಿದ್ದರೆ ಇಲ್ಲಿ ಬರೆದಿರುತ್ತಿದ್ದೆ.

ಏಪ್ರಿಲ್ 21, ಶುಕ್ರವಾರ

ದೊಡ್ಡ ಸಾಹೇಬರ ಫೋನು. ಪ್ರಯೋಗ ಸಾಕು, ಏಸಿ ಮತ್ತೆ ಹದಿನೆಂಟಕ್ಕೆ. ಗುರುವಾರ ತಾವೇ ಬಂದು ಪರಿಶೀಲನೆ. ಅವಳು ಗುರುವಾರದ ತನಕ ಹೀಗೇ ಇರಲಿ ಎಂದು ಬೇಡಿಕೊಂಡಳು. ಅಷ್ಟಕ್ಕೆ ಒಪ್ಪಿದರು. ಫೋನಿಟ್ಟ ಮೇಲೆ ಕನ್ನಡಕ ಒರೆಸಿದಳು, ಬಹಳ ಹೊತ್ತು.

"ಅಲಾರಂ ಎಣಿಸಿದ್ರೆ ನಿಮ್ಮ ಕೇಂದ್ರವೇ ಮೊದಲು ಹೋಗುತ್ತೆ ಸರ್. ನನ್ನಿಂದ. ಕ್ಷಮಿಸಿ."

ಗೆದ್ದವನು ನಾನು, ನನ್ನ ಅನುಮಾನ ನಿಜವಾಯಿತು. ಊಟ ಸೇರಲಿಲ್ಲ. ಬಿಸಿಲಿಗೆ ಇರಬೇಕು.

ಏಪ್ರಿಲ್ 22, ಶನಿವಾರ

ಡಬ್ಬಿಗಳು ಬರೆದದ್ದನ್ನೆಲ್ಲ ಅವಳು ಇವತ್ತು ಕಂಪ್ಯೂಟರಿಗೆ ಇಳಿಸಿದಳು. ಹತ್ತು ಡಬ್ಬಿಗಳ ಗೆರೆ ಮಲಗಿದ ನೀರಿನ ಹಾಗೆ. ಏಳನೇ ಪ್ಯಾನೆಲ್‌ನದು ಮಾತ್ರ ಗುಡ್ಡಗಳ ಸಾಲು.

"ವಿಚಿತ್ರ ನೋಡಿ ಸರ್. ದಿನಾ ಎರಡು ಹತ್ತಕ್ಕೆ ಈ ಪ್ಯಾನೆಲ್ ಒಳಗೆ ತೇವ ಏರುತ್ತೆ. ಭಾನುವಾರ ಮಾತ್ರ ಅರ್ಧ ಗುಡ್ಡ. ಬುಧವಾರ ಏನೂ ಇಲ್ಲ. ಪ್ಯಾನೆಲ್‌ಗೂ ವಾರದ ರಜೆ ಇದೆಯಾ?"

ಟಾರ್ಚ್ ಹಿಡಿದು ಏಳನೆಯದರೊಳಗೆಲ್ಲ ನೋಡಿದಳು. ಕೊಕ್ಕೆಗಳು ಖಾಲಿ, ಅಂಗಿಗಳನ್ನು ಆರಕ್ಕೇ ತೆಗೆದಿದ್ದೆ. ನಾನು ಯಾರ್ಡಿಗೆ ಹೋದೆ. ಮೀಟರ್ ಓದುವ ಹೊತ್ತಾಗಿತ್ತು.

ಎರಡಕ್ಕೆ ಬೆವರಪ್ಪ ಬಂದ. ಅಂಗಿ ನೇತುಹಾಕಿ ಬಂದೆವು. ಎರಡೂ ನಲವತ್ತೈದಕ್ಕೆ ಗಂಟೆ.

ಈಗ ಸಂಜೆ. ಡೈರಿಯ ಕೊನೆಯ ಪುಟ ತೆಗೆದಿದ್ದೇನೆ. ಹನ್ನೊಂದು ಅಲಾರಂ. ಬುಧವಾರದಲ್ಲಿ ಒಂದೂ ಇಲ್ಲ. ಅವತ್ತು ಬದಲಿಯವನು ಇರುತ್ತಾನೆ, ನಾನು ಅಂಗಿ ಬಿಚ್ಚುವುದಿಲ್ಲ. ಭಾನುವಾರದಲ್ಲಿ ಒಂದೂ ಇಲ್ಲ. ಅವತ್ತು ನನ್ನ ರಜೆ, ಒಂದೇ ಅಂಗಿ, ಅರ್ಧ ಗುಡ್ಡ. ಮೊದಲು ಹೀಟರ್ ಸದಾ ಉರಿಯುತ್ತಿತ್ತು, ಹದಿನೆಂಟರ ಏಸಿ ತೇವವನ್ನೆಲ್ಲ ಹೀರುತ್ತಿತ್ತು, ನಮ್ಮ ಬೆವರು ಯಾರಿಗೂ ಕಾಣುತ್ತಿರಲಿಲ್ಲ.

ಅವಳನ್ನು ಹಿಡಿಯಲು ಬರೆದ ಪಟ್ಟಿ. ನನ್ನದೇ ಅಕ್ಷರ.

ಏಪ್ರಿಲ್ 24, ಸೋಮವಾರ

ನಿನ್ನೆ ಬೆವರಪ್ಪನಿಗೆ ಫೋನಿನಲ್ಲೇ ಹೇಳಿದೆ. ನಿನ್ನೆ ಅವನು ಹಾಕಲಿಲ್ಲ, ಇವತ್ತು ಇಬ್ಬರೂ ಹಾಕಲಿಲ್ಲ. ಮೂರೂವರೆಯ ತನಕ ಪ್ಯಾನೆಲ್ ಎದುರು ಕುರ್ಚಿ ಹಾಕಿಕೊಂಡು ಕೂತೆ. ಗಂಟೆ ಇಲ್ಲ.

ಒಂದು ಸಲವಾದರೂ ಬಾರಿಸಬಾರದೇ ಎಂದು ಕಾಯುತ್ತಿದ್ದೆ.

ಏಪ್ರಿಲ್ 25, ಮಂಗಳವಾರ

ಗಂಟೆ ಇಲ್ಲ.

ಬೆವರಪ್ಪನ ವಾದ ಸರಳ. "ಅಂಗಿ ತೆಗೆದಾಯ್ತು, ಗಂಟೆ ನಿಂತಾಯ್ತು. ಬಾಯಿ ಮುಚ್ಕೊಂಡು ಕೂರೋಣ ಯಜಮಾನ್ರೇ."

"ಬಂದ ಹನ್ನೊಂದು ಎಲ್ಲಿ ಹೋಗುತ್ತೆ? ಅದು ಅವಳ ಹೆಸರಿಗೆ, ನಮ್ಮ ಕಟ್ಟಡದ ಲೆಕ್ಕಕ್ಕೆ. ಬೀಗ ನಮಗೇ."

"ಹೇಳಿದ್ರೆ ನಿಮಗೆ."

"ಗೊತ್ತು."

"ಬೀಗ ಬಿದ್ರೆ ಆಪರೇಟರುಗಳು ಐದೂ ಜನ ಹೋಗ್ತೀವಿ, ಯಾರಿಗೂ ಅವಮಾನ ಇಲ್ಲ. ಹೇಳಿದ್ರೆ ನೀವೊಬ್ರೇ, ಅದೂ ಅಂಗಿ ಒಣಗಿಸಿದ್ದಕ್ಕೆ! ಮುಂದಿನ ಊರಲ್ಲಿ ಏನಂತ ಕರೀತಾರೆ ಗೊತ್ತಾ ನಿಮ್ಮನ್ನ?"

ಇವನು ಇಷ್ಟು ಕಾಳಜಿ ಯಾಕೆ ತೋರಿಸುತ್ತಿದ್ದಾನೆ? ಆಮೇಲೆ ಹೊಳೆಯಿತು, ಇನ್ನೊಂದು ಕೊಕ್ಕೆ ಅವನದು. ಮನೆಯಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದಾರೆ. ಅದಕ್ಕೇ ಅವನು ಇಲ್ಲಿ ಮನೆ ಮಾಡದೆ ದಿನಾ ಐದು ಮೈಲಿ ತುಳಿಯುವುದು.

ಏಪ್ರಿಲ್ 26, ಬುಧವಾರ

ಬೆಳಿಗ್ಗೆ ನನ್ನವಳು ಲ್ಯಾಬಿಗೆ ಹೊರಡುವ ಹೊತ್ತಿಗೆ ಹೇಳಿಬಿಟ್ಟೆ. ಅವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ನಿಂತಳು.

"ಅಂಗಿಯಿಂದಲಾ?"

"ಹೂಂ."

"ಆ ಅಜ್ಜನಿಗೆ ನಾಲ್ಕು ಸಲ ಚುಚ್ಚಿದ್ದು, ನಿಮ್ಮ ಅಂಗಿಯಿಂದಲಾ?"

ನಾನು ಅವಳ ಇನ್ನೊಂದು ಚಪ್ಪಲಿಯನ್ನು ಕಾಲಿನ ಹತ್ತಿರ ಸರಿಸಿದೆ.

"ಆ ಹುಡುಗಿಗೆ ಗೊತ್ತಾ?"

"ಇಲ್ಲ. ಹೇಳಿದ್ರೆ ನನ್ನನ್ನ ಎತ್ತಂಗಡಿ ಮಾಡ್ತಾರೆ."

"ಮಾಡಬಹುದು."

"ಆಗ ನೀನು ಬರಲ್ಲ."

"ಬರಲ್ಲ."

"ಮತ್ತೆ?"

"ಮತ್ತೇನು? ನಾನು ಬರದೇ ಇರೋದು ಬೇರೆ, ನೀವು ಹೇಳಬೇಕಾಗಿರೋದು ಬೇರೆ. ಎರಡನ್ನೂ ಒಂದೇ ಕೊಕ್ಕೆಗೆ ನೇತುಹಾಕಬೇಡಿ." ಇನ್ನೊಂದು ಚಪ್ಪಲಿ ಮೆಟ್ಟಿದಳು. "ಬಸ್ ಹೋಗುತ್ತೆ."

ಗೇಟಿನ ತನಕ ಹೋಗಿ ತಿರುಗಿ ನೋಡಿದಳು. ಅವಳ ಮನಸ್ಸಿನಲ್ಲಿ ಏನಿತ್ತು? ಇಪ್ಪತ್ತಾರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇನೆ, ಇನ್ನೂ ಪತ್ತೆಯಾಗಿಲ್ಲ.

ಏಪ್ರಿಲ್ 27, ಗುರುವಾರ

ದೊಡ್ಡ ಸಾಹೇಬರು ಹನ್ನೊಂದಕ್ಕೆ ಬಂದರು. ಕಂಟ್ರೋಲ್ ರೂಮಿನಲ್ಲಿ ಸಭೆ. ಬೆವರಪ್ಪನಿಗೂ ಬೇಗ ಬರಹೇಳಿದ್ದರು. ಗೋಡೆಗೆ ಅಂಟಿಕೊಂಡು ನಿಂತಿದ್ದ. ಅವಳು ಗೆರೆಗಳನ್ನು ತೋರಿಸಿದಳು, ಯೂನಿಟ್ ಇಳಿದದ್ದನ್ನು ಹೇಳಿದಳು. ಸಾಹೇಬರು ಅಲಾರಂ ಪುಸ್ತಕ ಮಾತ್ರ ತಿರುವಿದರು.

"ಹನ್ನೊಂದು. ಒಂದು ಸಲ ಪೇಟೆಯನ್ನೇ ಬೀಳಿಸಿದೀರಿ. ಕರೆಂಟು ಉಳಿಸೋಕೆ ಹೋಗಿ ಊರಿಗೇ ಕರೆಂಟಿಲ್ಲ. ಇದಕ್ಕೆ ಏನ್ರೀ ಉತ್ತರ?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನಾನು ಎದ್ದಿದ್ದೆ. ಯಾಕೆ ಎದ್ದೆನೋ ನನಗೇ ಅನುಮಾನ.

"ಉತ್ತರ ಏಳನೇ ಪ್ಯಾನೆಲ್ ಒಳಗಿದೆ ಸರ್."

ಹಿಂದಿನ ಓಣಿಗೆ ಕರೆದುಕೊಂಡು ಹೋಗಿ ಬಾಗಿಲು ತೆಗೆದು ಕೊಕ್ಕೆ ತೋರಿಸಿದೆ. ಒದ್ದೆ ಅಂಗಿ, ಹೀಟರು, ಹಬೆ, ಎರಡು ಹತ್ತು, ಬುಧವಾರ, ಭಾನುವಾರ, ಡೈರಿಯಲ್ಲಿ ಬರೆದಿಟ್ಟ ಅಲಾರಂ ಪಟ್ಟಿ, ಎಲ್ಲ ಹೇಳಿದೆ. ಭಾನುವಾರದಿಂದ ಹಾಕಿಲ್ಲ, ಅಂದಿನಿಂದ ಗಂಟೆ ಇಲ್ಲ, ಏಸಿ ಇವತ್ತಿಗೂ ಇಪ್ಪತ್ತೈದರಲ್ಲೇ ಇದೆ ಎಂದೆ.

ಸಾಹೇಬರು ಕೊಕ್ಕೆ ಮುಟ್ಟಿ ನೋಡಿದರು. "ಕೊಕ್ಕೆ ಎರಡಿವೆಯಲ್ರೀ?"

ಬೆವರಪ್ಪ ಗೋಡೆಯೊಳಗೆ ಹೋಗಲು ಪ್ರಯತ್ನಿಸುತ್ತಿದ್ದ.

"ಎರಡೂ ನನ್ನವೇ ಸರ್."

"ಭಾನುವಾರ ನಿಮಗೆ ರಜೆ ಅಂದ್ರಿ. ಅರ್ಧ ಗುಡ್ಡ ಯಾರದು?"

"ಶನಿವಾರದ್ದು ಒಣಗದೆ ಉಳಿದಿತ್ತು ಸರ್. ನನಗೆ ಬೆವರು ಜಾಸ್ತಿ."

ಸಾಹೇಬರು ಬೆವರಪ್ಪನ ಕಡೆ ನೋಡಿದರು. ಇಪ್ಪತ್ತೈದು ಡಿಗ್ರಿಯಲ್ಲೂ ಅವನ ಹಣೆಯಿಂದ ಧಾರೆ ಇಳಿಯುತ್ತಿತ್ತು. ಅವರು ಮತ್ತೇನೂ ಕೇಳಲಿಲ್ಲ. "ಬರ್ದುಕೊಡಿ" ಎಂದರು. ಬರೆದುಕೊಟ್ಟೆ.

ಆಮೇಲೆ ನಮ್ಮ ಎಂಜಿನಿಯರ್ ಹತ್ತಿರ ಬಂದಳು. "ಸರ್, ನೀವು ಅಲಾರಂ ಪಟ್ಟಿ ಬರ್ದಿದೀರಂತಲ್ಲ, ಆ ಡೈರಿ ಸ್ವಲ್ಪ ಕೊಡ್ತೀರಾ? ವರದಿಗೆ ಬೇಕು."

"ಡೈರಿ ಕೊಡೋಕಾಗಲ್ಲ. ಪಟ್ಟಿ ನಕಲು ಮಾಡಿ ಕೊಡ್ತೀನಿ."

"ಯಾಕೆ ಸರ್, ಬೇರೇನು ಬರ್ಕೊಂಡಿದೀರಿ ಅದ್ರಲ್ಲಿ?"

"ಉಷ್ಣಾಂಶ, ತೇವಾಂಶ" ಎಂದೆ.

ಮೇ 3, ಬುಧವಾರ

ಎರಡು ಆದೇಶ, ಒಂದೇ ಲಕೋಟೆ. ಒಂದು: ಅಲಾರಂಗಳು ಕಟ್ಟಡದ ದೋಷವಲ್ಲವಾದ್ದರಿಂದ ಲೆಕ್ಕದಿಂದ ಕೈಬಿಡಲಾಗಿದೆ, ಈ ಕೇಂದ್ರ ಆಳುಗಳೊಂದಿಗೆ ಮುಂದುವರಿಯುತ್ತದೆ, ಇಪ್ಪತ್ತೈದು ಡಿಗ್ರಿ ಕಾಯಂ. ಇನ್ನೊಂದು: ನಾನು ಒಂಬತ್ತನೇ ತಾರೀಖಿನೊಳಗೆ ಎಂಟನೇ ಊರಿನಲ್ಲಿ ಹಾಜರಾಗಬೇಕು. ಬಸ್ಸಿನಲ್ಲಿ ಮೂರು ಗಂಟೆಯ ದಾರಿ.

ಬೆವರಪ್ಪ ಓದಿ, ನನ್ನ ಕೈ ಹಿಡಿದು, ಆಮೇಲೆ ಸೈಕಲ್ಲಿಗೆ ಗಾಳಿ ಹೊಡೆಯಲು ಹೋದ. ಸೈಕಲ್ಲಿನಲ್ಲಿ ಗಾಳಿ ಇತ್ತು.

ನನ್ನವಳು ಪೆಟ್ಟಿಗೆ ಕಟ್ಟುತ್ತಿದ್ದಾಳೆ. ನನ್ನದೊಂದೇ.

ಮೇ 9, ಮಂಗಳವಾರ

ಹಾಜರಾದೆ. ಇಲ್ಲಿ ಏಸಿ ಹದಿನಾರರಲ್ಲಿದೆ, ಕಂಟ್ರೋಲ್ ರೂಮಿನ ಕಿಟಕಿ ತೆರೆದಿದೆ. ಯಾಕೆ ಎಂದು ಕೇಳಿದೆ. "ಚಳಿ ಆಗುತ್ತೆ ಸರ್, ಅದಕ್ಕೆ" ಎಂದರು.

ಬಾಡಿಗೆಯ ಕೋಣೆ, ಒಂದು ಮಂಚ, ಒಂದು ಕಿಟಕಿ. ಅವಳು ಬಸ್ ನಿಲ್ದಾಣಕ್ಕೆ ಬಂದಿರಲಿಲ್ಲ, ಬೆಳಗಿನ ಡ್ಯೂಟಿ. ಹೊರಡುವಾಗ "ತಲುಪಿದ ಮೇಲೆ ತಿಳಿಸಿ" ಎಂದಿದ್ದಳು. ಅಷ್ಟು ಸಲೀಸಾಗಿ ಕಳಿಸಿಕೊಟ್ಟಳಲ್ಲ ಎಂದು ಮೂರು ಗಂಟೆಯೂ ಯೋಚಿಸಿದೆ.

ಮೇ 10, ಬುಧವಾರ

ಫೋನಿಲ್ಲ.

ಮೇ 11, ಗುರುವಾರ

ಊಟದ ಹೊತ್ತಿಗೆ ಫೋನು ಬಂತು. ನಾನು ಕೋಣೆಯಲ್ಲೇ ಇದ್ದೆ.

"ನಿಮ್ಮ ರೂಮಿನ ಕಿಟಕಿ ಯಾವ ಕಡೆಗಿದೆ?"

"ಯಾಕೆ?"

"ಕೇಳಿದ್ದಕ್ಕೆ ಹೇಳ್ರೀ. ಎಲ್ಲದಕ್ಕೂ ಯಾಕೆ ಅಂತೀರಿ."

"ಪಡುವಣಕ್ಕೆ. ಮಧ್ಯಾಹ್ನದ ಮೇಲೆ ಒಲೆ ಮುಂದೆ ಕೂತ ಹಾಗಿರುತ್ತೆ."

"ಅದೇ ಅಂದ್ಕೊಂಡೆ. ದಪ್ಪ ಬಟ್ಟೆ ತಗೊಂಡಿದೀನಿ, ಪರದೆ ಹೊಲಿಸ್ಬೇಕು. ಅಳತೆ ಹೇಳಿ. ಶನಿವಾರ ಲ್ಯಾಬು ಅರ್ಧ ದಿನ. ಎರಡೂವರೆ ಬಸ್ಸು ಹತ್ತಿದ್ರೆ ಸಂಜೆಗೆ ಅಲ್ಲಿ. ಭಾನುವಾರ ಸಂಜೆ ವಾಪಸ್."

"ಈ ಶನಿವಾರ ಮಾತ್ರನಾ?"

"ಪರದೆ ಒಂದು ಸಲ ಹಾಕಿದ್ರೆ ಆಯ್ತಾ? ಒಗೀಬೇಡ್ವಾ?"

ತಡಿ ಎಂದು ಫೋನನ್ನು ಮಂಚದ ಮೇಲಿಟ್ಟೆ. ಟೇಪು ತಂದು ಕಿಟಕಿ ಹತ್ತಿದೆ. ಅಗಲ ನಾಲ್ಕಡಿ ಎರಡಂಗುಲ, ಎತ್ತರ ಮೂರಡಿ ಒಂಬತ್ತು. ಮತ್ತೆ ಅಳೆದೆ. ಫೋನಿನೊಳಗಿಂದ "ಏನ್ ಮಾಡ್ತಿದೀರ್ರೀ?" ಎನ್ನುತ್ತಿದ್ದಳು.

ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ ಬಂತು.